ಮೂರನೇ ನಂಬರಿನ ದನಿ

ನಮ್ಮ ಸ್ಪೀಕರ್ ಡಬ್ಬಿ ತಿಂದಷ್ಟು ಏಟು ಈ ಸೀಮೆಯಲ್ಲಿ ಯಾವ ಕಳ್ಳನೂ ತಿಂದಿರಲಿಕ್ಕಿಲ್ಲ. ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ರಸ್ತೆಯ ಪಕ್ಕ ನಮ್ಮ ಅಂಗಡಿ. ಬರ್ಗರ್, ಚಿಕನ್, ಆಲೂಗಡ್ಡೆ ಫ್ರೈ. ಗಾಡಿಯಿಂದ ಇಳಿಯುವ ಹಾಗಿಲ್ಲ; ಡಬ್ಬಿಯ ಮುಂದೆ ನಿಂತು ಬೇಕಾದ್ದು ಹೇಳಬೇಕು, ಗೋಡೆ ಸುತ್ತಿ ಬಂದು ಕಿಟಕಿಯಲ್ಲಿ ಪೊಟ್ಟಣ ತೆಗೆದುಕೊಂಡು ಹೋಗಬೇಕು. ಹೇಳಿದ್ದಕ್ಕೆ ಎರಡು ಕ್ಷಣ ಉತ್ತರ ಬರದಿದ್ದರೆ ಜನ ರೇಗುತ್ತಾರೆ. ಡಬ್ಬಿಗೆ ಒದ್ದವರಿದ್ದಾರೆ, ಎಲೆಅಡಿಕೆ ಉಗಿದವರಿದ್ದಾರೆ. ಮದುವೆ ಊಟ ಮುಗಿಸಿ ಬಂದ ಯಜಮಾನರೊಬ್ಬರು ತಾಂಬೂಲದ ತೆಂಗಿನಕಾಯಿ ತೆಗೆದುಕೊಂಡು ಅದರ ತಲೆಗೇ ಕುಟ್ಟಿದ್ದರು. ನಾನು ಅಲ್ಲಿ ಶಿಫ್ಟ್ ಇನ್‌ಚಾರ್ಜ್. ನನಗೂ ಮೂಗಿನ ತುದಿಯಲ್ಲೇ ಕೋಪ, ಹಾಗಾಗಿ ಅವರನ್ನು ಪೂರ್ತಿ ತಪ್ಪೆನ್ನಲಾರೆ.

ಈ ಏಟು ತಪ್ಪಿಸಲೆಂದೇ ರೆಕಾರ್ಡ್ ಮಾಡಿಟ್ಟ ಸ್ವಾಗತ ಇರುವುದು. ಗಾಡಿ ಬಂದು ನಿಂತದ್ದು ನೆಲದಲ್ಲಿ ಹೂತ ತಂತಿಗೆ ಗೊತ್ತಾಗುತ್ತದೆ. ಒಳಗೆ ಹೆಡ್‌ಸೆಟ್ ಹಾಕಿದವರ ಕಿವಿಯಲ್ಲಿ ಟಿಂಗ್ ಎನ್ನುತ್ತದೆ, ಹೊರಗೆ ಸ್ವಾಗತದ ಮಾತು ತಾನಾಗಿ ಕೇಳಿಸುತ್ತದೆ, ನಮ್ಮ ಹೆಡ್‌ಸೆಟ್ಟಿನಲ್ಲೂ. ಬರೀ ನಾಲ್ಕು ಸೆಕೆಂಡು. ಅಷ್ಟರಲ್ಲಿ ನಾವು ಮುಂಚೆ ಬಂದ ಗಾಡಿಗೆ ಪೊಟ್ಟಣ ಕೊಟ್ಟು, ಕೈ ಒರೆಸಿಕೊಂಡು, ಉಸಿರು ತೆಗೆದುಕೊಂಡು "ಹೇಳಿ ಸರ್" ಎನ್ನಬೇಕು. ಸ್ವಾಗತ ನಡೆಯುವಾಗಲೂ ಹೊರಗಿನ ಮೈಕು ತೆರೆದೇ ಇರುತ್ತದೆ; ಗಾಡಿಯವರು ಗೊಣಗಿದ್ದೆಲ್ಲ ನಮಗೆ ಕೇಳುತ್ತದೆ. ಬೈಕು ಬಂದರೆ ಕೆಲವೊಮ್ಮೆ ತಂತಿಗೆ ತಿಳಿಯುವುದಿಲ್ಲ. ಅದಕ್ಕಾಗಿ ಸ್ವಾಗತ ನುಡಿಸುವ ಒಳಗಿನ ಪೆಟ್ಟಿಗೆಯಲ್ಲಿ ಒಂದು ಗುಂಡಿಯಿದೆ, ಒತ್ತಿದರೆ ಸ್ವಾಗತ ಮತ್ತೊಮ್ಮೆ ಬರುತ್ತದೆ. ಈ ಗುಂಡಿಯ ವಿಷಯ ನೆನಪಿರಲಿ.

ಮೊದಲು ಬಂದದ್ದು ಬೆಂಗಳೂರಿನ ಸ್ಟುಡಿಯೋ ದನಿ. "ನಮಸ್ಕಾರ, ಹೇಗಿದ್ದೀರಿ?" ಎನ್ನುತ್ತಿತ್ತು. ನಮ್ಮವರು ಸುಮ್ಮನಿರುತ್ತಾರೆಯೇ? "ಚೆನ್ನಾಗಿದೀವಿ ಕಣಮ್ಮ, ನೀನ್ ಹೆಂಗಿದೀಯ? ಊಟ ಆಯ್ತಾ?" ಎಂದು ಕೇಳಿ ಉತ್ತರಕ್ಕೆ ಕಾಯುತ್ತಿದ್ದರು. ಅಷ್ಟರಲ್ಲಿ ನಮ್ಮ ಹುಡುಗಿಯ ದನಿ ಕೇಳಿದರೆ, "ಮೊದ್ಲು ಮಾತಾಡಿದ್ರಲ್ಲ, ಆ ಮೇಡಂನೇ ಕರೀರಿ" ಎಂಬ ಜಗಳ. ಕೊನೆಗೆ ನಾನೇ ಒಂದು ನಿಯಮ ಮಾಡಿದೆ. ಹೆಡ್‌ಸೆಟ್ ಹಾಕುವವರು ತಂತಮ್ಮ ದನಿಯಲ್ಲೇ ಸ್ವಾಗತ ರೆಕಾರ್ಡ್ ಮಾಡಬೇಕು. ಒಬ್ಬೊಬ್ಬರಿಗೆ ಒಂದು ನಂಬರು. ಯಾರು ಕೆಲಸಕ್ಕೆ ನಿಂತರೋ ಅವರ ನಂಬರೇ ಹಾಕಬೇಕು, ಯಂತ್ರ ಬಿಟ್ಟ ಮಾತನ್ನು ಮನುಷ್ಯರು ಹಿಡಿದದ್ದು ಹೊರಗಿನವರಿಗೆ ಗೊತ್ತಾಗಬಾರದು. ಫ್ರಿಜ್ಜಿನ ಗುಂಯ್ ಸದ್ದು ಸೇರದಂತೆ ಸ್ಟೋರ್ ರೂಮಿನಲ್ಲಿ ಬನ್ನಿನ ಪೆಟ್ಟಿಗೆಗಳ ನಡುವೆ ನಿಂತು ರೆಕಾರ್ಡ್ ಮಾಡುತ್ತಿದ್ದೆವು. ಕೂತು ಹೇಳಬಾರದು, ಓದಿ ಹೇಳಬಾರದು, ಕ್ಷೇಮಸಮಾಚಾರ ಕೇಳಬಾರದು. ನೆಗಡಿಯಾದರೆ ಅಳಿಸಿ, ಗುಣವಾದ ಮೇಲೆ ಮತ್ತೆ ಮಾಡಬೇಕು. ಡಬ್ಬಿಗೆ ಬೀಳುವ ಒದೆಗಳು ನಿಜವಾಗಿಯೂ ಕಡಿಮೆಯಾದವು.

ಮೂರನೇ ನಂಬರು ಅವಳದು. ಭದ್ರಾವತಿ ಓಲ್ಡ್ ಟೌನಿನವಳು, ಇಪ್ಪತ್ತೇಳೋ ಇಪ್ಪತ್ತೆಂಟೋ ವಯಸ್ಸು. ಮೊದಲು ಪೊಟ್ಟಣ ಕೊಡುವ ಕಿಟಕಿಗೆ ಸೇರಿದ್ದಳು. ಮೂರನೇ ದಿನವೇ ಟ್ರೇ ಬೀಳಿಸಿದಳು. ನಾನು ಎಲ್ಲರೆದುರು ಕೂಗಾಡಿದೆ.

"ಏನ್ ಮಾರಾಯ್ತಿ, ಟ್ರೇ ಹಿಡಿಯೋಕೂ ಬರಲ್ವಾ ನಿಂಗೆ?"

"ಎಡಗೈ ಪೂರ್ತಿ ಮಡಚಲ್ಲ ಅಕ್ಕಾ. ಮುರಿದಿತ್ತು. ಸರಿಯಾಗಿ ಕೂಡಿಲ್ಲ."

"ಎಲ್ಲಿ ಬಿದ್ದೆ?"

"ಬಿದ್ದಿದ್ದಲ್ಲ."

ಬಿದ್ದ ಟ್ರೇ ನಾನೇ ಎತ್ತಿಟ್ಟೆ. ಆಮೇಲೆ ಸ್ಟೋರ್ ರೂಮಿನಲ್ಲಿ ಎಲ್ಲ ಹೇಳಿದಳು. ಗಂಡನಿಗೆ ಪಿಕಪ್ ಗಾಡಿ ಓಡಿಸುವ ಕೆಲಸ. ಬಾಗಿಲ ಸಂದಿಯಲ್ಲಿ ಅವಳ ಕೈಯಿಟ್ಟು ಬಾಗಿಲು ಒದ್ದಿದ್ದ. ನಾಲ್ಕು ತಿಂಗಳ ಹಿಂದೆ ಉಟ್ಟ ಬಟ್ಟೆಯಲ್ಲೇ ಹೊರಬಿದ್ದು ಶಿವಮೊಗ್ಗದ ಕೋಟೆ ಏರಿಯಾದಲ್ಲಿ ಚಿಕ್ಕಮ್ಮನ ಬಾಡಿಗೆ ಮನೆ ಸೇರಿದ್ದಾಳೆ. ಆ ಮನೆ ಅವನಿಗೆ ಗೊತ್ತಿಲ್ಲ. ಸಿಕ್ಕ ದಿನ ಕಡಿಯುತ್ತೇನೆಂದು ಊರೆಲ್ಲ ಹೇಳಿಕೊಂಡು ಹುಡುಕುತ್ತಿದ್ದಾನೆ.

ಕಿಟಕಿಯಲ್ಲಿ ನಿಂತರೆ ರಸ್ತೆಗೇ ಮುಖ ಕಾಣುತ್ತದೆ. ಮರುದಿನವೇ ಅವಳನ್ನು ಒಳಗೆ ಹೆಡ್‌ಸೆಟ್ಟಿಗೆ ಹಾಕಿದೆ. ಪೊಟ್ಟಣ ಕೊಡುವುದು ಬೇರೆಯವರು; ಅವಳ ಮುಖ ಯಾರಿಗೂ ಕಾಣುವುದಿಲ್ಲ, ದನಿಯಷ್ಟೇ. ಎಂಥಾ ಜಾಣೆ ನಾನು ಎಂದು ಬೆನ್ನು ತಟ್ಟಿಕೊಂಡೆ. ಮುಖ ಮುಚ್ಚಿಟ್ಟು ದನಿಯನ್ನು ರಸ್ತೆ ಬದಿ ನಿಲ್ಲಿಸಿದ್ದೇನೆ ಎಂಬುದು ಮಾತ್ರ ಹೊಳೆಯಲಿಲ್ಲ.

"ನಮಸ್ಕಾರ, ಬನ್ನಿ ಬನ್ನಿ, ಏನ್ ಕೊಡ್ಲಿ ಹೇಳಿ" ಎಂದು ರೆಕಾರ್ಡ್ ಮಾಡಿದಳು. ಒಂದು ಬನ್ನಿ ಸಾಕು, ಅರ್ಧ ಸೆಕೆಂಡು ಉಳಿಯುತ್ತದೆ ಎಂದೆ.

"ನಮ್ಮಮ್ಮ ಹಂಗೇ ಕರೆಯೋದು ಅಕ್ಕಾ. ಒಂದೇ ಸಲ ಬನ್ನಿ ಅಂದ್ರೆ ಬಾಯ್ಮಾತಿಗೆ ಕರೆದಂಗೆ" ಎಂದಳು. ಬಿಟ್ಟೆ. ಆ ದನಿ ಕೇಳಿದರೆ ಸಿಟ್ಟಿನಿಂದ ಬಂದವರೂ ತಣ್ಣಗಾಗುತ್ತಿದ್ದರು.

ಅವಳ ವಾರದ ರಜೆಯ ದಿನ ಆ ಅನಾಹುತವಾಯಿತು. ಮಧ್ಯಾಹ್ನದ ಹೊತ್ತು, ಗಾಡಿಗಳ ಸಾಲು ರಸ್ತೆಯವರೆಗೆ. ಹೆಡ್‌ಸೆಟ್ಟಿಗೆ ಬರಬೇಕಿದ್ದವಳು ಜ್ವರವೆಂದು ಬಂದಿರಲಿಲ್ಲ. ನನಗೆ ನೆಗಡಿಯಾಗಿ ನನ್ನ ಒಂದನೇ ನಂಬರು ಅಳಿಸಿದ್ದೆ. ಗ್ರಿಲ್ ನೋಡಿಕೊಳ್ಳುವ ಅಣ್ಣನನ್ನು ಕಿಟಕಿಗೆ ನಿಲ್ಲಿಸಿ ಹೆಡ್‌ಸೆಟ್ ಕೊಟ್ಟೆ. ಐವತ್ತು ದಾಟಿದವರು, ಮನೆಮಾತು ತಮಿಳು, ಭದ್ರಾವತಿಯ ಕಾರ್ಖಾನೆಯಲ್ಲಿ ಕಾಂಟ್ರ್ಯಾಕ್ಟ್ ಕೆಲಸ ಹೋದ ಮೇಲೆ ನಮ್ಮಲ್ಲಿಗೆ ಬಂದವರು. ಅವರ ದನಿಯ ರೆಕಾರ್ಡಿಂಗ್ ಇರಲೇ ಇಲ್ಲ.

"ಮೂರನೇ ನಂಬರೇ ಇರ್ಲಿ ಬಿಡಣ್ಣ, ಚೆನ್ನಾಗಿದೆ" ಎಂದೆ.

"ಹೆಂಗಸ್ರ ದನಿ ಆಗಿ ಆಮೇಲೆ ನನ್ ದನಿ ಬಂದ್ರೆ ಜನ ನಗ್ತಾರಮ್ಮ."

"ನಗ್ಲಿ ಬಿಡಿ, ನಕ್ಕರೆ ಒಳ್ಳೇದೇ."

ನಾನೇ ಮಾಡಿದ ನಿಯಮವನ್ನು ನಾನೇ ಮುರಿದೆ. ಮರೆತದ್ದಲ್ಲ, ಸೋಮಾರಿತನ.

ಅರ್ಧ ಗಂಟೆ ಏನೂ ಆಗಲಿಲ್ಲ. ಆಮೇಲೆ ಒಂದು ಬಿಳಿ ಪಿಕಪ್ ಬಂದು ನಿಂತಿತು. ಟಿಂಗ್. "ನಮಸ್ಕಾರ, ಬನ್ನಿ ಬನ್ನಿ, ಏನ್ ಕೊಡ್ಲಿ ಹೇಳಿ." ನನ್ನ ಕಿವಿಯಲ್ಲೂ ಹೆಡ್‌ಸೆಟ್ ಇತ್ತು. ಹೊರಗಿನಿಂದ ಮಾತಿಲ್ಲ. ಆಮೇಲೆ ಒಬ್ಬ ಗಂಡಸು ಮೆಲ್ಲಗೆ ಅವಳ ಹೆಸರು ಹಿಡಿದು ಕರೆದ. ಗ್ರಿಲ್ ಅಣ್ಣನಿಗೆ ಅದು ಸರಿಯಾಗಿ ಕೇಳಲಿಲ್ಲ. "ಹೇಳಿ ಸಾರ್" ಎಂದರು.

"ಯಾವನೋ ನೀನು?" ಎಂದು ಕೇಳಿದ ದನಿಗೆ ನನ್ನ ಕಿವಿ ಗುಂಯ್ಗುಟ್ಟಿತು. "ಮಾತಾಡ್ತಿದ್ದವಳ ಬಾಯಿ ಮುಚ್ಚಿದ್ಯೇನೋ? ಅವಳ ಜೊತೆ ಒಳಗೇನೋ ಕೆಲಸ ನಿಂಗೆ?"

ನಾನು ಒಳಗೆ ಹಿಂಬದಿಯಿಂದ ಕಿಟಕಿಯ ಹತ್ತಿರ ಓಡಿ ಬರುವಷ್ಟರಲ್ಲಿ ಪಿಕಪ್ ಅಲ್ಲಿಗೆ ಬಂದಾಗಿತ್ತು. ಅವನು ಕೆಳಗಿಳಿದಿದ್ದ, ಕೈಯಲ್ಲಿ ಜಾಕ್ ರಾಡು. ಅಣ್ಣ ಗಾಬರಿಯಲ್ಲಿ ಕಿಟಕಿ ಎಳೆಯಲು ಕೈ ಚಾಚಿದರು. ಆ ಕೈಯನ್ನೇ ಹಿಡಿದು, ಕಟ್ಟೆಗೆ ಒತ್ತಿ, ರಾಡಿನಿಂದ ಬಾರಿಸಿದ. ಒಣ ಸೌದೆ ಮುರಿದ ಸದ್ದು. ಅಣ್ಣನ ಬಾಯಿಯ ಮುಂದಿದ್ದ ಮೈಕು "ಅಯ್ಯೋ ಅಮ್ಮಾ" ಎಂಬ ಕೂಗನ್ನು ನನ್ನ ಕಿವಿಯೊಳಗೇ ತಂದು ಸುರಿಯಿತು. ಅವನು ಇನ್ನೊಂದು ಸಲ ಹೊಡೆದ, ಅದೇ ಜಾಗಕ್ಕೆ. ಗಾಜು ಪುಡಿಯಾಯಿತು, ಸಾಸಿನ ಡಬ್ಬಿಗಳ ಮೇಲೆ ರಕ್ತ ಚಿಮ್ಮಿತು.

ನಾನು ಯೋಚಿಸಲಿಲ್ಲ. ಕುದಿಯುವ ಎಣ್ಣೆಯಲ್ಲಿದ್ದ ಫ್ರೈ ಬುಟ್ಟಿಯನ್ನು ಎತ್ತಿ ಕಿಟಕಿಯಾಚೆ ಬೀಸಿದೆ. ಅವನ ಕೆನ್ನೆಗೆ ತಾಗಿತು. ಚರ್ಮ ಚುರ್ರೆಂದಿತು, ವಾಸನೆಯೂ ಬಂತು. ಸುಳ್ಳು ಯಾಕೆ ಹೇಳಲಿ, ಇನ್ನೊಂದು ಸಲ ಬೀಸಬೇಕೆನಿಸಿತು. ಅವನು ಮುಖ ಹಿಡಿದುಕೊಂಡು ಹಿಂದೆ ಸರಿದ.

ಅಷ್ಟೊತ್ತಿಗೆ ಹಿಂದಿನ ಕಾರು ಮುಂದೆ ಬಂದು ತಂತಿಯ ಮೇಲೆ ನಿಂತಿತು. "ನಮಸ್ಕಾರ, ಬನ್ನಿ ಬನ್ನಿ."

ಅವನು ತಟ್ಟನೆ ತಿರುಗಿದ. ನಮ್ಮನ್ನು ಬಿಟ್ಟು ಡಬ್ಬಿಯ ಕಡೆ ಓಡಿದ. "ಎಲ್ಲಿದೀಯೇ? ಒಳಗೆ ಕೂತು ಕರೀತೀಯಾ?" ಎಂದು ಡಬ್ಬಿಗೆ ರಾಡು ಬೀಸಿದ. ಕಾರಿನವರು ಹೆದರಿ ಗಾಡಿ ಹಿಂದೆ ತೆಗೆದರು. ಹಿಂದೆ ಇನ್ನೊಂದು ಗಾಡಿ ಇದ್ದದ್ದರಿಂದ ಮತ್ತೆ ಮುಂದೆ ಬಂದರು. ತಂತಿಗೆ ಅದು ಹೊಸ ಗಾಡಿ. "ನಮಸ್ಕಾರ, ಬನ್ನಿ ಬನ್ನಿ." ಮತ್ತೆ ಏಟು. ಮತ್ತೆ ಗಾಡಿ ಹಿಂದೆ ಮುಂದೆ, ಮತ್ತೆ ಅದೇ ಕರೆ. ಅವನು ಹೊಡೆಯುತ್ತಾ ಹೋದ, ಅವಳು ಕರೆಯುತ್ತಾ ಹೋದಳು. ಕಾರಿನೊಳಗೆ ಮಕ್ಕಳು ಕಿರುಚುತ್ತಿದ್ದವು. ನಾನು ಪೆಟ್ಟಿಗೆಯ ಪ್ಲಗ್ ಕಿತ್ತೆಸೆದ ಮೇಲೆ ಅದು ಸುಮ್ಮನಾಯಿತು. ಎದುರಿನ ಟೀ ಅಂಗಡಿಯಿಂದ ಜನ ಓಡಿ ಬರುವುದು ಕಂಡು ಅವನು ಪಿಕಪ್ ಹತ್ತಿದ.

"ಒಳಗೇ ಇದಾಳೆ ಅಂತ ಗೊತ್ತಾಯ್ತಲ್ಲ. ಮತ್ತೆ ಬರ್ತೀನಿ" ಎಂದು ಹೇಳಿಯೇ ಹೋದ.

ಗ್ರಿಲ್ ಅಣ್ಣನ ಮಣಿಕಟ್ಟು ಎರಡು ಕಡೆ ಮುರಿದಿತ್ತು. ಆಸ್ಪತ್ರೆಯಲ್ಲಿ ನಾನು ತಪ್ಪೊಪ್ಪಿಕೊಳ್ಳಲು ಬಾಯಿ ತೆರೆದರೆ ಅವರು, "ಆ ಮಗೂಗೆ ಹೇಳ್ಬೇಡಮ್ಮ, ತನ್ನಿಂದ ಆಯ್ತು ಅಂತ ಕೊರಗ್ತದೆ" ಎಂದರು. ಹೊರಗೆ ಬಂದು ಗೋಡೆಗೆ ಮುಖ ಮಾಡಿ ಅತ್ತೆ.

ಮಾಲೀಕರು ಅತ್ತವರಲ್ಲ. "ಅವಳನ್ನ ಬಿಡಿಸಿ. ಅವಳ ದನಿ ಅಳಿಸಿ. ನಾಳೆ ಹೊಸ ಡಬ್ಬಿ ಬರುತ್ತೆ" ಎಂದರು ಫೋನಿನಲ್ಲಿ. ಸಬ್ ಇನ್‌ಸ್ಪೆಕ್ಟರು ಹೇಳಿದ್ದು ಇಷ್ಟು: ಅವನು ಮನೆಯಲ್ಲಿಲ್ಲ, ಹೊಳಲೂರಿನ ಅಕ್ಕನ ಮನೆಯಲ್ಲೂ ಇಲ್ಲ, ಫೋನು ಆಫ್. ಬಂದರೆ ತಿಳಿಸಿ.

ಬರುತ್ತಾನೆಂದು ನನಗೆ ಗೊತ್ತಿತ್ತು. ಅವಳು ಅಂಗಡಿಯೊಳಗಿದ್ದಾಳೆ ಎಂದು ನಂಬಿರುವವರೆಗೆ ಅಂಗಡಿಗೇ ಬರುತ್ತಾನೆ. ದನಿ ಅಳಿಸಿದರೆ ಅವಳು ಕೆಲಸ ಬಿಟ್ಟಳೆಂದು ತಿಳಿಯುತ್ತಾನೆ. ಆಮೇಲೆ ಅವಳನ್ನು ನೋಡಲು ಹೋಗುವ ನಮ್ಮಲ್ಲೊಬ್ಬರನ್ನು ಹಿಂಬಾಲಿಸಿದರೂ ಸಾಕು, ಕೋಟೆಯ ಮನೆ ಸಿಗುತ್ತದೆ. ಆ ಮನೆಯಲ್ಲಿ ಚಿಕ್ಕಮ್ಮನ ಇಬ್ಬರು ಪುಟ್ಟ ಹೆಣ್ಣುಮಕ್ಕಳಿದ್ದಾರೆ, ಬಾಗಿಲಿಗೆ ಇರುವುದು ಒಂದೇ ಚಿಲಕ.

ಹಿಂದೆ ಯಾರೂ ಬರುತ್ತಿಲ್ಲವೆಂದು ನೋಡಿಕೊಂಡು ಅಲ್ಲಿಗೆ ಹೋಗಿ ಅವಳಿಗೆ ಎಲ್ಲ ಹೇಳಿದೆ, ನನ್ನ ಸೋಮಾರಿತನವನ್ನೂ ಸೇರಿಸಿ. ಅಣ್ಣ ಬೇಡವೆಂದಿದ್ದರೂ ಮುಚ್ಚಿಡಲಾಗಲಿಲ್ಲ. ಅವಳು ಎದ್ದು ಕಿಟಕಿ ಹಾಕಿ ಬಂದು ಕೂತಳು.

"ನೀನು ಮನೇಲೇ ಇರು. ನಿನ್ನ ದನಿ ಮಾತ್ರ ಅಂಗಡೀಲಿ ಇರ್ಲಿ. ಅವನು ಅದನ್ನ ಹುಡುಕ್ಕೊಂಡು ಬರ್ಲಿ, ಅಲ್ಲೇ ಹಿಡಿಸ್ತೀನಿ. ಆದ್ರೆ ನೀನು ಬೇಡ ಅಂದ್ರೆ ಈಗಲೇ ಅಳಿಸ್ತೀನಿ" ಎಂದೆ.

"ನನ್ನ ದನಿ ಅಲ್ಲಿ ಕೂತು ಏಟು ತಿನ್ಲಿ ಅಂತೀರಾ ಅಕ್ಕಾ?"

ಹಾಗಾದರೆ ಅಳಿಸುತ್ತೇನೆ ಎಂದು ಎದ್ದೆ.

"ತಿನ್ಲಿ. ಅದಕ್ಕೆ ನೋವಾಗಲ್ಲ" ಎಂದಳು.

ಮಾಲೀಕರು ಕೂಗಾಡಿದರು. ಹಾಗಾದರೆ ನನ್ನನ್ನೂ ಬಿಡಿಸಿ ಎಂದು ಕೀಲಿಗೊಂಚಲನ್ನು ಅವರ ಮೇಜಿನ ಮೇಲೆ ಎಸೆದೆ. ಕೊನೆಗೆ ಒಂದು ವಾರ ಕೊಟ್ಟರು.

ಕಿಟಕಿಗೆ ಕಬ್ಬಿಣದ ಜಾಲರಿ ಹಾಕಿಸಿದೆ. ಯಾರೇ ನಿಂತರೂ ದಿನವಿಡೀ ಮೂರನೇ ನಂಬರೇ. ಸ್ವಾಗತದ ನಂತರ ಹೆಂಗಸರೇ ಮಾತಾಡಬೇಕು, ಗಂಡಸಿನ ದನಿ ಡಬ್ಬಿಯಲ್ಲಿ ಕೇಳಿಸಲೇಬಾರದು. ಪೆಟ್ಟಿಗೆಯನ್ನು ನನ್ನ ಕೈಗೆ ಎಟಕುವ ಹಾಗೆ ಇಟ್ಟುಕೊಂಡೆ. ಅವನು ಬಂದರೆ ಹಿಂದಿನ ಗಾಡಿಗಳನ್ನು ರಸ್ತೆಯಲ್ಲೇ ತಡೆಯಲು ಒಬ್ಬಳಿಗೆ ಹೇಳಿಟ್ಟೆ. ಠಾಣೆಯಿಂದ ಒಬ್ಬ ಪೇದೆ ಬಂದು ಮಫ್ತಿಯಲ್ಲಿ ಕೂತರು.

ಮೂರನೇ ದಿನ ನಾನೇ ಎಡವಿದೆ. ಬಿಳಿ ಪಿಕಪ್, ಕೆನ್ನೆಗೆ ಟವೆಲು ಸುತ್ತಿದ ಡ್ರೈವರು, ಸ್ವಾಗತಕ್ಕೆ ಉತ್ತರವಿಲ್ಲ. "ಅವನೇ" ಎಂದು ಕಿರುಚಿದೆ. ಪೇದೆ ಅವನನ್ನು ಬಾಗಿಲಿನಿಂದ ಎಳೆದು ನೆಲಕ್ಕೆ ಕೆಡವಿ ಎರಡು ಬಿಗಿದರು. ಟವೆಲು ಬಿಚ್ಚಿದರೆ ಕೆನ್ನೆ ಊದಿತ್ತು, ಸುಟ್ಟಿರಲಿಲ್ಲ. ಹಲ್ಲು ನೋವಿನ ತರಕಾರಿ ವ್ಯಾಪಾರಿ, ಪಾಪ, ಬಾಯಿ ತೆರೆಯಲಾಗದೆ ಸುಮ್ಮನಿದ್ದ. ಕ್ಷಮೆ ಕೇಳಿ ತಂಪು ನೀರು ಕೊಡಹೋದೆ. ಲೋಟವನ್ನು ನನ್ನ ಮುಖಕ್ಕೇ ಎಸೆದ. ಹುಬ್ಬು ಒಡೆದು ರಕ್ತ ಬಂತು. ಒರೆಸಿಕೊಂಡೆ, ನ್ಯಾಯವಾಗಿಯೇ ಇತ್ತು. "ಏನ್ ಮೇಡಂ, ಹುಡುಗಾಟನಾ?" ಎಂದ ಸಬ್ ಇನ್‌ಸ್ಪೆಕ್ಟರು ಪೇದೆಯನ್ನು ವಾಪಸ್ ಕರೆಸಿಕೊಂಡರು. ಫೋನ್ ಮಾಡಿದರೆ ಜೀಪು ಕಳಿಸುತ್ತೇವೆ, ಹತ್ತು ನಿಮಿಷ ಹಿಡಿಯುತ್ತದೆ ಎಂದರು.

ಆರನೇ ದಿನ, ಬೆಳಗ್ಗೆ ಹನ್ನೊಂದರ ಹೊತ್ತಿಗೆ ಅವನು ಬಂದ. ಪಿಕಪ್ ಅಲ್ಲ, ಯಾರದೋ ಹಳೆಯ ಕಾರು. ಟಿಂಗ್. ಸ್ವಾಗತ. ಆಮೇಲೆ ಬರೀ ಉಸಿರು. ಈ ಸಲ ನಾನು ಕಾದೆ. ಅವನು ಅವಳ ಹೆಸರು ಹೇಳಿದ.

ಮೈಕು ಮುಚ್ಚಿ ಠಾಣೆಗೆ ಫೋನ್ ಮಾಡಿದೆ. ಜೀಪು ಹೊರಟಿತೆಂದರು. ಇನ್ನು ಹತ್ತು ನಿಮಿಷ ಅವನನ್ನು ಅಲ್ಲೇ ನಿಲ್ಲಿಸಬೇಕು. ನಾನು ಒಂದು ಮಾತಾಡಿದರೂ ದನಿ ಬೇರೆಯೆಂದು ತಿಳಿದು ಹೋಗುತ್ತಾನೆ. ಹೋದರೆ ಮುಂದಿನ ಸಲ ಎಲ್ಲಿಗೆ ಹೋಗುತ್ತಾನೋ. ಗುಂಡಿ ಒತ್ತಿದೆ.

"ನಮಸ್ಕಾರ, ಬನ್ನಿ ಬನ್ನಿ, ಏನ್ ಕೊಡ್ಲಿ ಹೇಳಿ."

"ಮನೆಗೆ ಬಾ ಮಾರಾಯ್ತಿ" ಎಂದ. ಎಷ್ಟು ಮೆತ್ತಗೆ ಅಂದರೆ, ಅವನಾರೆಂದು ತಿಳಿಯದವರು ಕೇಳಿದ್ದರೆ ಕರಗುತ್ತಿದ್ದರು. ತಾಳಿದಷ್ಟು ತಾಳಿ ಮತ್ತೆ ಒತ್ತಿದೆ.

"ಕೈ ನೋಯುತ್ತಾ ಇನ್ನೂ?" ಎಂದ.

ಒತ್ತಿದೆ. ಅವನು ಅತ್ತ. ಒತ್ತಿದೆ. "ಬರೀ ಅದನ್ನೇ ಹೇಳ್ತೀಯಲ್ಲ, ನನ್ನ ಆಡ್ಕೋತೀಯಾ?" ಎಂದು ಬೈದ. ಒತ್ತಿದೆ. "ಅವತ್ತು ಕೈ ಮಾತ್ರ ಮುರಿದೆ. ಇವತ್ತು ಕುತ್ತಿಗೆ" ಎಂದ. ಹಾಳಾಗಿ ಹೋಗೋ ಎಂದು ಹಲ್ಲು ಕಚ್ಚಿ ಮತ್ತೆ ಎರಡು ಸಲ ಒತ್ತಿದೆ. ಒಟ್ಟು ಏಳು. ಮನೆ ಬಿಟ್ಟು ಬಂದವಳನ್ನು ಏಳು ಸಲ ಅವನ ಮುಂದೆ ನಿಲ್ಲಿಸಿದೆ.

ಏಳನೆಯದಕ್ಕೆ ಅವನು ಮಚ್ಚು ಹಿಡಿದು ಇಳಿದ. ಹೊಸ ಡಬ್ಬಿಯನ್ನು ಕೊಚ್ಚಿದ. ಹೊರಗಿನ ದನಿ ಅರ್ಧಕ್ಕೇ ನಿಂತಿತು. ನೇರ ನಮ್ಮ ಬಾಗಿಲಿಗೆ ಬಂದ. ಒಳಗೆ ನಾವು ಐವರು ಬಾಗಿಲಿಗೆ ಫ್ರಿಜ್ಜು ಒತ್ತಿಟ್ಟು ಭುಜ ಕೊಟ್ಟು ನಿಂತಿದ್ದೆವು. ಮಚ್ಚಿನ ತುದಿ ಹಲಗೆ ಸೀಳಿ ನನ್ನ ಕಿವಿಯ ಪಕ್ಕ ಹೊರಬಂತು. ಮೂರನೇ ಏಟಿಗೆ ಜೀಪಿನ ಸದ್ದು ಕೇಳಿಸಿತು. ಅವನು ಪೊಲೀಸರ ಮೇಲೂ ಬೀಸಿದ, ಒಬ್ಬರ ಭುಜ ಸೀಳಿತು. ಆಮೇಲೆ ಲಾಠಿಗಳು ಬಿದ್ದವು. ಮಚ್ಚು ಕೈಯಿಂದ ಜಾರಿದ ಮೇಲೂ ಕೆಲವು ಬಿದ್ದವು. ನಾನು ಒಡೆದ ಬಾಗಿಲ ಸಂದಿಯಲ್ಲಿ ನೋಡುತ್ತಾ ನಿಂತೆ, ಸಾಕು ಎನ್ನಲಿಲ್ಲ.

ಜೀಪು ಹಿಂದೆ ಸರಿದು ತಂತಿಯ ಮೇಲೆ ನಿಂತಾಗ ಹೊರಗಿನ ಡಬ್ಬಿ ಸತ್ತಿತ್ತು. ನಮ್ಮ ಹೆಡ್‌ಸೆಟ್ಟುಗಳಲ್ಲಿ ಮಾತ್ರ ಕೇಳಿಸಿತು: "ನಮಸ್ಕಾರ, ಬನ್ನಿ ಬನ್ನಿ."

ಅವನು ಜೈಲಿನಲ್ಲಿದ್ದಾನೆ, ಕೇಸು ನಡೆಯುತ್ತಿದೆ. ಅವಳು ಹದಿನೈದು ದಿನದ ಮೇಲೆ ಕೆಲಸಕ್ಕೆ ಬಂದಳು. ಮಾಲೀಕರು ಏನೂ ಅನ್ನಲಿಲ್ಲ. ಬಂದವಳೇ ಕೇಳಿದಳು, "ಅವನು ಏನೇನಂದ ಅಕ್ಕಾ?"

ಎಲ್ಲ ಹೇಳಿದೆ, ಕೈ ನೋಯುತ್ತಾ ಎಂದದ್ದನ್ನೂ. ಏಳು ಸಲ ಒತ್ತಿದ್ದನ್ನೂ. ಅವಳು ಎಡಗೈಯನ್ನು ಮಡಚುವಷ್ಟು ಮಡಚಿ, ಬಿಚ್ಚಿ ನೋಡಿಕೊಂಡಳು. ಆಮೇಲೆ ಪೆಟ್ಟಿಗೆಯ ಹತ್ತಿರ ಹೋಗಿ ಮೂರನೇ ನಂಬರನ್ನು ತಾನೇ ಅಳಿಸಿದಳು.

"ಹೊಸದು ಮಾಡ್ತೀನಿ."

"ಈ ಸಲ ಒಂದೇ ಬನ್ನಿ ಸಾಕು ಮಾರಾಯ್ತಿ. ಆ ಮಾತು ಕೇಳಿದ್ರೆ ನಂಗೇ ಎದೆ ಹೊಡ್ಕೊಳುತ್ತೆ."

"ಅದು ನಮ್ಮಮ್ಮಂದು ಅಕ್ಕಾ. ಅವನಿಗ್ಯಾಕೆ ಬಿಟ್ಕೊಡ್ಲಿ?"

ಸ್ಟೋರ್ ರೂಮಿನಲ್ಲಿ ಬನ್ನಿನ ಪೆಟ್ಟಿಗೆಗಳ ನಡುವೆ ನಿಂತು, ಒಂದೇ ಸಲಕ್ಕೆ, ಅದೇ ಮಾತನ್ನು ಹಾಗೇ ಹೇಳಿದಳು.

ಗ್ರಿಲ್ ಅಣ್ಣ ಕೈಮೂಳೆಗೆ ಸ್ಟೀಲ್ ಪ್ಲೇಟು ಹಾಕಿಸಿಕೊಂಡು ಬಂದಿದ್ದಾರೆ. ಐದನೇ ನಂಬರು ಅವರದು; ತಮಿಳು ಎಳೆತದ ಆ "ನಮಸ್ಕಾರಂ, ವಾಂಗ, ಬನ್ನಿ" ಕೇಳಲೆಂದೇ ಭದ್ರಾವತಿ ನ್ಯೂಟೌನಿನಿಂದ ಬರುವವರಿದ್ದಾರೆ. ನಿಯಮ ಈಗ ಗೋಡೆಯ ಮೇಲೆ ನನ್ನ ಕೈಬರಹದಲ್ಲಿದೆ: ಒಳಗಿಲ್ಲದವರ ದನಿ ಹೊರಗೆ ಕೇಳಬಾರದು. ಬೇರೆಯವರಿಗೆ ನಾನಿನ್ನೂ ದಿನಾ ಬೈದು ನೆನಪಿಸಬೇಕು. ಅವಳಿಗೆ ಬೇಕಾಗಿಲ್ಲ. ಶಿಫ್ಟ್ ಮುಗಿದರೆ ಮೊದಲು ತನ್ನ ನಂಬರು ತೆಗೆಯುತ್ತಾಳೆ, ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಲ್ಲುತ್ತಾಳೆ. ಮುಂದಿನ ಗಾಡಿ ಬಂದು ಡಬ್ಬಿಯಲ್ಲಿ ಬೇರೆಯವರ ದನಿ ಕೇಳಿಸಿದ ಮೇಲೆ "ಬರ್ತೀನಿ ಅಕ್ಕಾ" ಎಂದು ಹೇಳಿ ಮನೆಗೆ ಹೋಗುತ್ತಾಳೆ.